ಯಾವ ಸ್ಯಾಟ್ ಅಂಕ ಯಾವ ಕಾಲೇಜಿಗೆ? ಕಳಿಸುವ ಮೊದಲು ಮಾಡಬೇಕಾದ ಲೆಕ್ಕ

ಹೋದ ವರ್ಷ ಅಕ್ಟೋಬರ್ ಎರಡನೇ ವಾರ. ಬೆಂಗಳೂರಿನಲ್ಲಿ ಅಣ್ಣನ ಮನೆಯ ಊಟದ ಮೇಜಿನ ಮೇಲೆ ಎರಡು ಪ್ರಿಂಟೌಟು, ಒಂದು ಲ್ಯಾಪ್‌ಟಾಪು, ಯಾರೂ ಮುಟ್ಟದೆ ಆರಿಹೋದ ಕಾಫಿ. ಅಣ್ಣನ ಮಗಳು ದ್ವಿತೀಯ ಪಿಯುಸಿ ಓದುತ್ತಲೇ ಅಮೆರಿಕದ ಒಂಬತ್ತು ಕಾಲೇಜುಗಳಿಗೆ ಅರ್ಜಿ ತುಂಬುತ್ತಿದ್ದಳು. ಅಲ್ಲಿನ ಕಾಲೇಜುಗಳು ಪ್ರವೇಶಕ್ಕೆ ನೋಡುವ ಸ್ಯಾಟ್ ಪರೀಕ್ಷೆಯನ್ನು ಎರಡು ಸಲ ಬರೆದಿದ್ದಳು. ಮಾರ್ಚ್‌ನಲ್ಲಿ 1450, ಆಗಸ್ಟ್‌ನಲ್ಲಿ 1470.

"ಎರಡನೇದು ಮಾತ್ರ ಕಳಿಸು, ಅದೇ ತಾನೆ ಜಾಸ್ತಿ ಇರೋದು" ಅಂತ ಅಣ್ಣ. "ಮುಚ್ಚಿಡೋದ್ಯಾಕೆ? ಮಾರ್ಕ್ಸ್ ಕಾರ್ಡ್ ಅಂದ್ಮೇಲೆ ಎಲ್ಲಾ ತೋರಿಸ್ಬೇಕು" ಅಂತ ಅತ್ತಿಗೆ. ಕೋಚಿಂಗ್ ಕ್ಲಾಸಿನವರು "1500 ದಾಟದಿದ್ರೆ ಎಲ್ಲಿಗೂ ಕಳಿಸ್ಬೇಡಿ" ಅಂದಿದ್ದರಂತೆ. ಅವಳು ನನ್ನ ಕಡೆ ತಿರುಗಿ, "ಅತ್ತೆ, ನೀವೇ ಹೇಳಿ" ಅಂದಳು.

ಮೂರೂ ಸಲಹೆ ತಪ್ಪು, ಅದೂ ಒಂದೇ ಕಾರಣಕ್ಕೆ. ಒಂಬತ್ತು ಕಾಲೇಜಿಗೂ ಸೇರಿಸಿ ಒಂದೇ ಉತ್ತರ ಹುಡುಕುತ್ತಿದ್ದರು. ಅಂಕ ಕಳಿಸುವುದು, ಬಿಡುವುದು ಒಂದೊಂದು ಕಾಲೇಜಿಗೂ ಬೇರೆ ಬೇರೆಯಾಗಿ ಮಾಡಬೇಕಾದ ಲೆಕ್ಕ. ನಾನೇನು ಈ ಕಸುಬಿನವಳಲ್ಲ. ಮೂರು ವರ್ಷದ ಹಿಂದೆ ನನ್ನ ಮಗನ ಸಲ ಎಡವಿ ಕಲಿತದ್ದನ್ನು ಆ ಸಂಜೆ ಒಂದು ಹಾಳೆಯ ಮೇಲೆ ಬರೆದು ತೋರಿಸಿದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಅದಕ್ಕೂ ಮೊದಲು ಅತ್ತಿಗೆಯ ಮಾತಿಗೆ ಉತ್ತರ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ತುಂಬಾ ಜನರಿಗೆ ಇದೇ ಅಳುಕು. ಕಡಿಮೆ ಅಂಕ ಕಳಿಸದೇ ಇರುವುದು ಮೋಸವಲ್ಲ. ಆ ಆಯ್ಕೆಯನ್ನು ಕೊಟ್ಟಿರುವುದೇ ಪರೀಕ್ಷೆ ನಡೆಸುವವರು ಮತ್ತು ಕಾಲೇಜಿನವರು. ನಮಗೆ ಇದು ತೀರಾ ಹೊಸದೂ ಅಲ್ಲ. 2024ರಿಂದ ನಮ್ಮ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿದೆಯಲ್ಲ, ಚೆನ್ನಾಗಿ ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಜೆಇಇ ಮೇನ್ ಎರಡು ಸಲ ಬರೆದವರಿಗೂ ಉತ್ತಮವಾದದ್ದನ್ನೇ ಹಿಡಿಯುತ್ತಾರೆ. ಅದನ್ನು ಯಾರೂ ಮುಚ್ಚಿಡುವುದು ಅನ್ನುವುದಿಲ್ಲ.

ಮೊದಲ ಕೆಲಸ: ಇರುವುದನ್ನೆಲ್ಲ ಒಂದು ಹಾಳೆಗೆ ಇಳಿಸಿ

ಒಟ್ಟು ಅಂಕ ಬರೆದರೆ ಸಾಲದು. ದಿನಾಂಕ, ವಿಭಾಗ, ವಿಭಾಗದ ಅಂಕ ಮೂರೂ ಬೇಕು. ಸ್ಯಾಟ್‌ನಲ್ಲಿ ಈಗ ಇರುವುದು ಎರಡೇ ವಿಭಾಗ: ಓದು-ಬರಹ ಒಂದು, ಗಣಿತ ಇನ್ನೊಂದು. ಒಂದೊಂದಕ್ಕೂ 200ರಿಂದ 800, ಒಟ್ಟು 1600. ನಮ್ಮ ಹುಡುಗಿಯ ಹಾಳೆ ಹೀಗಿತ್ತು:

ಮಾರ್ಚ್: ಓದು-ಬರಹ 680, ಗಣಿತ 770. ಒಟ್ಟು 1450.
ಆಗಸ್ಟ್: ಓದು-ಬರಹ 730, ಗಣಿತ 740. ಒಟ್ಟು 1470.

ಈ ಎರಡು ಸಾಲನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತರೆ ಅಣ್ಣನ ಸಲಹೆಯಲ್ಲಿ ಏನು ಕಳೆದುಹೋಗುತ್ತಿತ್ತು ಅನ್ನುವುದು ಕಾಣುತ್ತದೆ. ಮುಂದೆ ಆ ವಿಷಯಕ್ಕೆ ಬರುತ್ತೇನೆ.

ಸ್ಯಾಟ್ ಥರದ್ದೇ ಇನ್ನೊಂದು ಪ್ರವೇಶ ಪರೀಕ್ಷೆ ಎಸಿಟಿ. ಅದನ್ನು ಬರೆದಿದ್ದರೆ ಅದರ ಅಂಕವನ್ನೂ ಬರೆದುಕೊಳ್ಳಿ. ಅದರ ಒಟ್ಟು 36ಕ್ಕೆ. 2025ರಿಂದ ಹೊಸ ರೂಪದ ಎಸಿಟಿ ಬಂದಿದೆ, ಅದರಲ್ಲಿ ವಿಜ್ಞಾನ ಐಚ್ಛಿಕ, ಇಂಗ್ಲಿಷ್, ಗಣಿತ, ಓದು ಈ ಮೂರರ ಸರಾಸರಿಯೇ ಒಟ್ಟು ಅಂಕ. ಎರಡೂ ಪರೀಕ್ಷೆ ಬರೆದವರು ಒಂದನ್ನು ಇನ್ನೊಂದರ ಜೊತೆ ತೂಗಿ ನೋಡಲು 2018ರಲ್ಲಿ ಎರಡೂ ಸಂಸ್ಥೆಗಳು ಸೇರಿ ಹೊರಡಿಸಿದ ಹೋಲಿಕೆ ಪಟ್ಟಿ ಇದೆ. ಅದರ ಪ್ರಕಾರ ಸ್ಯಾಟ್‌ನ 1490ರಿಂದ 1520 ಅಂದರೆ ಎಸಿಟಿಯ 34, 1450ರಿಂದ 1480 ಅಂದರೆ 33, 1420ರಿಂದ 1440 ಅಂದರೆ 32. ಯಾವುದು ಮೇಲೆ ಬರುತ್ತದೋ ಅದನ್ನು ಕಳಿಸಿ. ಎರಡೂ ಸರಿಸಮ ಇದ್ದರೆ ಒಂದೇ ಸಾಕು, ಎರಡೂ ಕಳಿಸಿದರೆ ಹೆಚ್ಚೇನೂ ಸಿಗುವುದಿಲ್ಲ.

ಶಾಲೆಯಲ್ಲಿ ಬರೆದ ಪಿಎಸ್ಎಟಿ (ಸ್ಯಾಟ್‌ಗೆ ಮುಂಚಿನ ಅಭ್ಯಾಸ ಪರೀಕ್ಷೆ), ಮನೆಯಲ್ಲಿ ಬರೆದ ಅಣಕು ಪರೀಕ್ಷೆ, ಇವನ್ನು ಹಾಳೆಗೆ ತರಬೇಡಿ. ಅವು ಕಾಲೇಜಿಗೆ ಹೋಗುವಂಥವಲ್ಲ.

ಎರಡನೆಯದು: ಕಾಲೇಜು ಏನು ಕೇಳುತ್ತಿದೆ ಅಂತ ನೋಡಿ

ನಿಮ್ಮ ಅಂಕ ಚೆನ್ನಾಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆ ಇನ್ನೂ ಬಂದಿಲ್ಲ. ಮೊದಲು ಕಾಲೇಜಿನ ನಿಯಮ. ಮುಕ್ಕಾಲು ಗೊಂದಲ ಇಲ್ಲೇ ಬಗೆಹರಿಯುತ್ತದೆ.

ಕೆಲವರಿಗೆ ಅಂಕ ಕಡ್ಡಾಯ. ಕೋವಿಡ್ ಕಾಲದಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಿಟ್ಟಿದ್ದರು. ಎಂಐಟಿ 2022ರ ಮಾರ್ಚ್‌ನಲ್ಲಿ ಮೊದಲು ವಾಪಸ್ ತಂದಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್, ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಒಂದಾದಮೇಲೊಂದು ಅದೇ ದಾರಿ ಹಿಡಿದವು. ಇಂಥ ಕಡೆ ಕಳಿಸಲೋ ಬೇಡವೋ ಅನ್ನುವ ಚರ್ಚೆಯೇ ಇಲ್ಲ. ಯಾವ ದಿನಾಂಕದ್ದು ಅನ್ನುವುದಷ್ಟೇ ಉಳಿಯುತ್ತದೆ.

ಯೇಲ್ ನಡುವಿನ ದಾರಿ ಹಿಡಿದಿದೆ. ಸ್ಯಾಟ್, ಎಸಿಟಿ, ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ವಿಷಯ ಪರೀಕ್ಷೆ), ಐಬಿ (ಅಂತಾರಾಷ್ಟ್ರೀಯ ಪಠ್ಯಕ್ರಮದ ಪರೀಕ್ಷೆ) ನಾಲ್ಕರಲ್ಲಿ ಯಾವುದಾದರೂ ಆಗುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಪಿಯುಸಿ ಅಥವಾ ಸಿಬಿಎಸ್ಇ ಓದಿದ ಹೆಚ್ಚಿನ ಮಕ್ಕಳ ಹತ್ತಿರ ಎಪಿಯೂ ಇಲ್ಲ, ಐಬಿಯೂ ಇಲ್ಲ. ಅವರ ಮಟ್ಟಿಗೆ ಇದು ಸ್ಯಾಟ್ ಇಲ್ಲವೇ ಎಸಿಟಿ ಕಡ್ಡಾಯ ಅಂದ ಹಾಗೆಯೇ.

ಮೂರನೇ ಗುಂಪು ಟೆಸ್ಟ್ ಆಪ್ಷನಲ್. ಇಷ್ಟವಿದ್ದರೆ ಕಳಿಸಿ, ಇಲ್ಲದಿದ್ದರೆ ಬಿಡಿ. ಇದು ಕೋವಿಡ್ ತಂದದ್ದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಮೇಯ್ನ್ ರಾಜ್ಯದ ಬೋಡನ್ ಕಾಲೇಜು 1969ರಲ್ಲೇ ಹೀಗೆ ಮಾಡಿತ್ತು! ಕೊಲಂಬಿಯಾ 2023ರಲ್ಲಿ ಇದನ್ನು ಕಾಯಂ ಮಾಡಿತು. ಶಿಕಾಗೊ ವಿಶ್ವವಿದ್ಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಳಿಸಿದ ಅಂಕ ನಿಮಗೆ ಅನುಕೂಲವಾದರೆ ಮಾತ್ರ ಗಣನೆಗೆ ತೆಗೆದುಕೊಳ್ಳುತ್ತೇವೆ ಅನ್ನುತ್ತದೆ.

ನಾಲ್ಕನೆಯದು ಟೆಸ್ಟ್ ಬ್ಲೈಂಡ್. ಕಳಿಸಿದರೂ ನೋಡುವುದಿಲ್ಲ. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಸೇರಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಲ್ಲ ಕ್ಯಾಂಪಸ್‌ಗಳೂ ಹೀಗೇ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯೂ 2022ರಲ್ಲಿ ಪ್ರವೇಶಕ್ಕೆ ಸ್ಯಾಟ್ ಕೈಬಿಟ್ಟಿತು. ಸ್ಯಾನ್ ಹೋಸೆ, ಕ್ಯುಪರ್ಟಿನೊ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಈ ವಿಷಯ ಹೇಳಿದರೆ ಈಗಲೂ ಕೆಲವು ಅಪ್ಪಂದಿರು ನಂಬುವುದಿಲ್ಲ. "1580 ಬಂದಿದೆ ರೀ, ಸುಮ್ನೆ ಒಂದು ಮೂಲೇಲಿ ಹಾಕಿರೋಣ" ಅನ್ನುತ್ತಾರೆ. ಅರ್ಜಿಯ ಜೊತೆ ಬರೆಯುವ ಪ್ರಬಂಧದೊಳಗೆ ತುರುಕಬೇಡಿ, ಅದರಿಂದ ಏನೂ ಉಪಯೋಗವಿಲ್ಲ.

ಕೊನೆಯದು ಸಂಖ್ಯೆಯಲ್ಲಿ ಚಿಕ್ಕ ಗುಂಪು, ಆದರೆ ಎಡವುವುದು ಇಲ್ಲೇ: ಬರೆದದ್ದನ್ನೆಲ್ಲ ಕಳಿಸಿ ಅನ್ನುವವರು. ಜಾರ್ಜ್‌ಟೌನ್ ಇದಕ್ಕೆ ಬಹಳ ಕಾಲದಿಂದ ಹೆಸರಾದದ್ದು. ಅಲ್ಲಿ ಆರಿಸಿ ಕಳಿಸುವ ಹಾಗಿಲ್ಲ, ಎಲ್ಲ ದಿನಾಂಕದ ಅಂಕವೂ ಹೋಗಬೇಕು. ಹೀಗೆ ಕೇಳುವ ಕಡೆ ಒಂದನ್ನು ಬಿಟ್ಟರೆ ಆಗ ಅತ್ತಿಗೆ ಹೇಳಿದ ಹಾಗೆ ನಿಜಕ್ಕೂ ಮುಚ್ಚಿಟ್ಟಂತೆ.

ಈ ನಿಯಮವನ್ನು ಕಾಲೇಜಿನ ಸ್ವಂತ ಜಾಲತಾಣದಲ್ಲಿ, ಮೊದಲ ವರ್ಷಕ್ಕೆ ಅರ್ಜಿ ಹಾಕುವವರ ಪುಟದಲ್ಲಿ ನೋಡಿ. ನೀವು ಸೇರುವ ವರ್ಷ ಯಾವುದೋ ಅದರ ನಿಯಮವನ್ನೇ ಓದಿ. ವರ್ಷ ವರ್ಷ ಬದಲಾಗುತ್ತಿದೆ. ಪ್ರಿನ್ಸ್‌ಟನ್ ಇನ್ನೂ ಆಪ್ಷನಲ್ ಅಂತ ಒಬ್ಬರು ಹೇಳಿದರೆ, 2027-28ರ ಪ್ರವೇಶ ಸುತ್ತಿನಿಂದ ಕಡ್ಡಾಯ ಅಂತ ಅದೇ ಪ್ರಿನ್ಸ್‌ಟನ್ 2025ರಲ್ಲಿ ಹೇಳಿಯಾಗಿದೆ. ಅಕ್ಕನ ಮಗ ಹೋದಾಗ ಹೀಗಿತ್ತು ಅನ್ನುವ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ವಿದೇಶಿ ವಿದ್ಯಾರ್ಥಿಗಳಿಗೆ, ಎಂಜಿನಿಯರಿಂಗ್‌ಗೆ ಬೇರೆ ನಿಯಮ ಇದೆಯೇ ಅಂತಲೂ ಅಲ್ಲೇ ನೋಡಿಕೊಳ್ಳಿ.

ಹಾಳೆಯಲ್ಲಿ ಒಂದೊಂದು ಕಾಲೇಜಿನ ಮುಂದೆ ಒಂದು ಅಕ್ಷರ ಬರೆದೆವು. ಕಡ್ಡಾಯ ಎರಡು, ನಡುವಿನ ದಾರಿಯದು ಒಂದು, ಎಲ್ಲವನ್ನೂ ಕೇಳುವುದು ಒಂದು, ನೋಡುವುದೇ ಇಲ್ಲ ಅನ್ನುವುದು ಒಂದು, ಆಪ್ಷನಲ್ ನಾಲ್ಕು. ಒಂಬತ್ತು ಪ್ರಶ್ನೆ ಇದ್ದದ್ದು ನಾಲ್ಕಕ್ಕೆ ಇಳಿಯಿತು.

ಮೂರನೆಯದು: ಅವರು ಹೇಗೆ ಕೂಡುತ್ತಾರೆ?

ಅಣ್ಣನ ಸಲಹೆಗೆ ಈಗ ಬರೋಣ. ಅಮೆರಿಕದ ಬಹಳಷ್ಟು ಕಾಲೇಜುಗಳು ಸೂಪರ್‌ಸ್ಕೋರ್ ಮಾಡುತ್ತವೆ. ಅಂದರೆ ಬೇರೆ ಬೇರೆ ದಿನದ ಪರೀಕ್ಷೆಗಳಿಂದ ಒಂದೊಂದು ವಿಭಾಗದ ಅತಿ ಹೆಚ್ಚಿನ ಅಂಕ ಎತ್ತಿಕೊಂಡು ಅವರೇ ಹೊಸದಾಗಿ ಕೂಡುತ್ತಾರೆ. ನಮ್ಮ ಹುಡುಗಿಯ ಹಾಳೆಯಲ್ಲಿ ಆಗಸ್ಟ್‌ನ ಓದು-ಬರಹ 730, ಮಾರ್ಚ್‌ನ ಗಣಿತ 770. ಕೂಡಿದರೆ 1500.

ಬರೀ ಆಗಸ್ಟ್ ಕಳಿಸಿದ್ದರೆ ಅವರ ಕೈಗೆ ಸಿಗುತ್ತಿದ್ದದ್ದು 1470. ಗಣಿತದ 770 ಮನೆಯಲ್ಲೇ ಉಳಿಯುತ್ತಿತ್ತು. ಅವಳು ಅರ್ಜಿ ಹಾಕುತ್ತಿದ್ದದ್ದು ಕಂಪ್ಯೂಟರ್ ಸೈನ್ಸ್‌ಗೆ ಬೇರೆ!

"ಆದ್ರೆ ಅತ್ತೆ, ಮಾರ್ಚ್‌ದು ಕಳಿಸಿದ್ರೆ ಆ 680 ಕೂಡ ಕಾಣ್ಸುತ್ತಲ್ಲ?"

ಕಾಣಿಸುತ್ತದೆ. ಸ್ಯಾಟ್ ನಡೆಸುವ ಕಾಲೇಜ್ ಬೋರ್ಡ್‌ನ ಸ್ಕೋರ್ ಚಾಯ್ಸ್ ಅನ್ನುವ ಸೌಲಭ್ಯ ದಿನಾಂಕವನ್ನು ಆರಿಸಲು ಬಿಡುತ್ತದೆ, ವಿಭಾಗವನ್ನಲ್ಲ. ಮಾರ್ಚ್‌ನ ಗಣಿತ ಮಾತ್ರ, ಆಗಸ್ಟ್‌ನ ಓದು-ಬರಹ ಮಾತ್ರ ಅಂತ ಕಿತ್ತು ಕಳಿಸಲು ಬರುವುದಿಲ್ಲ. ಎರಡೂ ದಿನಾಂಕ ಪೂರ್ತಿ ಹೋಗುತ್ತವೆ. ಹೋಗಲಿ. ಸೂಪರ್‌ಸ್ಕೋರ್ ಮಾಡುತ್ತೇವೆ ಅಂತ ಹೇಳಿಕೊಂಡ ಕಾಲೇಜು ಲೆಕ್ಕಕ್ಕೆ ಹಿಡಿಯುವುದು ಹೆಚ್ಚಿನದನ್ನೇ. 680ರಿಂದ 730ಕ್ಕೆ ಏರಿದ್ದು ನಾಚಿಕೊಳ್ಳುವ ವಿಷಯವೂ ಅಲ್ಲ.

ಎಲ್ಲರೂ ಸೂಪರ್‌ಸ್ಕೋರ್ ಮಾಡುವುದಿಲ್ಲ ಅನ್ನುವುದನ್ನು ಮರೆಯಬೇಡಿ. ಒಂದೇ ದಿನದ ಅತ್ಯುತ್ತಮ ಒಟ್ಟು ಅಂಕ ನೋಡುವವರೂ ಇದ್ದಾರೆ. ಅವರಿಗೆ ಆಗಸ್ಟ್‌ದು ಸಾಕು. ಹೀಗಾಗಿ ಹಾಳೆಯಲ್ಲಿ ಇನ್ನೊಂದು ಕಾಲಂ: ಕೂಡುತ್ತಾರಾ, ಇಲ್ಲವಾ. ಕೂಡುವವರ ಮುಂದೆ 1500, ಕೂಡದವರ ಮುಂದೆ 1470 ಬರೆಯಿರಿ. ಮುಂದಿನ ಹೋಲಿಕೆಗೆ ಈ ಸಂಖ್ಯೆಯೇ ಬೇಕು.

ಮೂರು ನಾಲ್ಕು ಸಲ ಬರೆದವರು ಕೂಡುವ ಕಾಲೇಜಿಗೆ ಯಾವ ದಿನಾಂಕದಿಂದ ಒಂದಾದರೂ ವಿಭಾಗದ ಅತಿ ಹೆಚ್ಚಿನ ಅಂಕ ಬಂದಿದೆಯೋ ಅವನ್ನಷ್ಟೇ ಕಳಿಸಿದರೆ ಸಾಕು. ಉಳಿದವನ್ನು ಬಿಡಿ, ಎಲ್ಲವನ್ನೂ ಕೇಳುವ ಕಾಲೇಜೊಂದನ್ನು ಬಿಟ್ಟು.

ನಾಲ್ಕನೆಯದು: ಆಪ್ಷನಲ್ ಕಾಲೇಜುಗಳು, ನಿಜವಾದ ತಲೆನೋವು

ಕೋಚಿಂಗ್‌ನವರ 1500 ಅನ್ನುವ ಗೆರೆ ಎಲ್ಲಿಂದ ಬಂತೋ ಗೊತ್ತಿಲ್ಲ. ಕೇಳಲು ಚೆನ್ನಾಗಿರುವ ಸಂಖ್ಯೆ, ಅಷ್ಟೇ. ಅಮೆರಿಕದಲ್ಲಿ 2024ರಲ್ಲಿ ಹೈಸ್ಕೂಲು ಮುಗಿಸಿದವರ ಸ್ಯಾಟ್ ಸರಾಸರಿ 1024. ಅಲ್ಲಿನ ಒಂದು ಒಳ್ಳೆಯ ಸರ್ಕಾರಿ ವಿಶ್ವವಿದ್ಯಾಲಯಕ್ಕೆ 1350 ಚಿನ್ನ, ಇನ್ನೊಂದು ಕಡೆ 1490 ಸಾಧಾರಣ. ಗೆರೆಯನ್ನು ಆ ಕಾಲೇಜೇ ಹಾಕಿದೆ. ಅದು ಎಲ್ಲಿದೆ ಅಂತ ಹುಡುಕಬೇಕು.

ಅದು ಸಿಗುವುದು ಕಾಮನ್ ಡೇಟಾ ಸೆಟ್ ಅನ್ನುವ ಕಡತದಲ್ಲಿ. ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ಒಂದೇ ನಮೂನೆಯಲ್ಲಿ ತಮ್ಮ ಅಂಕಿಅಂಶ ತುಂಬಿ ಹಾಕುತ್ತವೆ. ಕಾಲೇಜಿನ ಹೆಸರಿನ ಜೊತೆ ಈ ಮೂರು ಪದ ಸೇರಿಸಿ ಹುಡುಕಿದರೆ ಪಿಡಿಎಫ್ ಸಿಗುತ್ತದೆ. ತೆರೆದು ನೇರವಾಗಿ ಸಿ9 ಅನ್ನುವ ಭಾಗಕ್ಕೆ ಹೋಗಿ. ಹಿಂದಿನ ವರ್ಷ ಸೇರಿದವರಲ್ಲಿ ಶೇಕಡಾ ಎಷ್ಟು ಜನ ಅಂಕ ಕೊಟ್ಟಿದ್ದರು, ಕೊಟ್ಟವರ ಅಂಕ ಹೇಗಿತ್ತು ಅನ್ನುವುದು ಅಲ್ಲಿದೆ.

ಅಂಕ ಮೂರು ಗೆರೆಗಳಲ್ಲಿರುತ್ತದೆ. ಶಾಲೆಯಲ್ಲಿ ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಿದ್ದರಲ್ಲ, ಹಾಗೆ ನೂರು ಮಕ್ಕಳನ್ನು ಅಂಕದ ಪ್ರಕಾರ ನಿಲ್ಲಿಸಿ. ಕೆಳಗಿನಿಂದ ಇಪ್ಪತ್ತೈದನೆಯವರ ಅಂಕ ಒಂದು ಗೆರೆ, ಐವತ್ತನೆಯವರದು ನಡುಗೆರೆ, ಎಪ್ಪತ್ತೈದನೆಯವರದು ಮೇಲಿನ ಗೆರೆ. ಒಂದು ಕಾಲೇಜಿನ ಸಿ9ರಲ್ಲಿ 1410, 1470, 1530 ಅಂತ ಇದೆ ಅಂದುಕೊಳ್ಳಿ. ನಮ್ಮ ಹುಡುಗಿಯ 1500 ನಡುಗೆರೆಗಿಂತ ಮೇಲೆ. ಯೋಚನೆ ಬೇಡ, ಕಳಿಸಿ. ಇನ್ನೊಂದರಲ್ಲಿ 1510, 1540, 1560 ಇದ್ದರೆ ಕೆಳಗಿನ ಗೆರೆಯನ್ನೂ ಮುಟ್ಟಿಲ್ಲ. ಅಲ್ಲಿ ಕೈಬಿಡುವ ಯೋಚನೆ ಮಾಡಬಹುದು.

ಕಷ್ಟ ಇರುವುದು ಕೆಳಗಿನ ಗೆರೆಗೂ ನಡುಗೆರೆಗೂ ಮಧ್ಯೆ ಬಿದ್ದಾಗ. ಆಗ ಇನ್ನೂ ಮೂರು ವಿಷಯ ನೋಡಬೇಕು.

ಒಂದು, ಆ ಗೆರೆಗಳು ಸ್ವಲ್ಪ ಉಬ್ಬಿದವು. ಆಪ್ಷನಲ್ ಆದಮೇಲೆ ಕಡಿಮೆ ಅಂಕದವರು ಕೊಡುವುದನ್ನೇ ನಿಲ್ಲಿಸಿದರು. ಕೊಟ್ಟವರೆಲ್ಲ ಹೆಚ್ಚು ಅಂಕದವರು. ಸೇರಿದವರಲ್ಲಿ ನೂರಕ್ಕೆ ನಲವತ್ತು ಜನ ಮಾತ್ರ ಅಂಕ ಕೊಟ್ಟಿದ್ದರೆ, ಉಳಿದ ಅರವತ್ತು ಜನರ ಅಂಕ ಆ ಸಾಲಿನಲ್ಲಿ ನಿಂತೇ ಇಲ್ಲ. ಅದರಿಂದ ನಡುಗೆರೆಗಿಂತ ಇಪ್ಪತ್ತು ಮೂವತ್ತು ಅಂಕ ಕೆಳಗಿದ್ದರೆ ಹೆದರಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಎರಡು, ವಿಭಾಗವಾರು ನೋಡಿ. ಸಿ9ರಲ್ಲಿ ಗಣಿತಕ್ಕೂ ಓದು-ಬರಹಕ್ಕೂ ಬೇರೆ ಸಾಲು ಇರುತ್ತದೆ. ಎಂಜಿನಿಯರಿಂಗ್‌ಗೆ ಹೋಗುವ ಮಗುವಿನ ಗಣಿತ ನಡುಗೆರೆಗಿಂತ ಕೆಳಗಿದ್ದು ಓದು-ಬರಹ ಮೇಲಿದ್ದರೆ, ಒಟ್ಟು ಅಂಕ ಸಮ ಕಂಡರೂ ನಾನಾದರೆ ಎರಡು ಸಲ ಯೋಚಿಸುತ್ತೇನೆ. ಇತಿಹಾಸ, ಸಾಹಿತ್ಯ ಓದುವವರಿಗೆ ಇದೇ ಲೆಕ್ಕ ತಿರುಗಾಮುರುಗಾ.

ಮೂರನೆಯದು, ಮಗು ಎಲ್ಲಿಂದ ಬಂದಿದೆ. ಇದರ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಡಾರ್ಟ್‌ಮತ್ ಕಾಲೇಜು 2024ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದಾಗ ಅದರ ಹಿಂದೆ ಅಲ್ಲಿನದೇ ನಾಲ್ವರು ಪ್ರಾಧ್ಯಾಪಕರ ಅಧ್ಯಯನ ಇತ್ತು. ಅನುಕೂಲವಿಲ್ಲದ ಹಿನ್ನೆಲೆಯ ಮಕ್ಕಳು, ಕಳಿಸಿದ್ದರೆ ತಮಗೆ ನೆರವಾಗುತ್ತಿದ್ದ ಅಂಕವನ್ನು ಕಡಿಮೆಯಾಯಿತೆಂದು ತಿಳಿದು ಕಳಿಸದೇ ಬಿಟ್ಟಿದ್ದರು ಅನ್ನುವುದು ಅದರಲ್ಲಿ ಕಂಡ ಸಂಗತಿ. ಪ್ರವೇಶ ನೋಡುವವರು ಅಂಕವನ್ನು ಶಾಲೆಯ ಹಿನ್ನೆಲೆಯಲ್ಲಿಟ್ಟು ಓದುತ್ತಾರೆ. ಎಲ್ಲರೂ 1520 ತರುವ ಶಾಲೆಯ 1430 ಬೇರೆ, ಸ್ಯಾಟ್ ಅನ್ನುವ ಹೆಸರೇ ಕೇಳದ ಊರಿನ ಪಿಯು ಕಾಲೇಜಿನ 1430 ಬೇರೆ.

ನಮ್ಮವರಿಗೆ ಇದು ನೇರವಾಗಿ ಸಂಬಂಧಪಟ್ಟದ್ದು. ಬೆಂಗಳೂರಿನ ಹೆಸರಾಂತ ಅಂತಾರಾಷ್ಟ್ರೀಯ ಶಾಲೆಯಿಂದ ವರ್ಷಕ್ಕೆ ಐವತ್ತು ಅರ್ಜಿ ಹೋಗುತ್ತವೆ ಅಂದರೆ ಕಾಲೇಜಿನವರಿಗೆ ಆ ಶಾಲೆ ಗೊತ್ತು. ಹಾಸನದ, ಶಿವಮೊಗ್ಗದ ಪಿಯು ಕಾಲೇಜಿನ ಶೇಕಡಾ 96 ಅಂದರೆ ಏನು ಅನ್ನುವುದು ಅಷ್ಟು ಸುಲಭವಾಗಿ ಗೊತ್ತಾಗಲಿಕ್ಕಿಲ್ಲ. ಅಂಥ ಮಗುವಿನ ಅರ್ಜಿಯಲ್ಲಿ ಸ್ಯಾಟ್ ಅಂಕವೊಂದೇ ಇಬ್ಬರಿಗೂ ಗೊತ್ತಿರುವ ಅಳತೆಗೋಲು. ನಡುಗೆರೆಗಿಂತ ಕೆಳಗೆ ಬಿದ್ದರೂ ಕಳಿಸುವ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಹಣದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ರವೇಶಕ್ಕೆ ಆಪ್ಷನಲ್ ಅಂದಮಾತ್ರಕ್ಕೆ ವಿದ್ಯಾರ್ಥಿವೇತನಕ್ಕೂ ಆಪ್ಷನಲ್ ಅಂತಲ್ಲ. ಅಂಕ ನೋಡಿ ಮೆರಿಟ್ ಹಣ ಕೊಡುವ ಕಾಲೇಜುಗಳಿವೆ. ಅಲಬಾಮಾ ವಿಶ್ವವಿದ್ಯಾಲಯದಂಥವು ಇಷ್ಟು ಅಂಕಕ್ಕೆ ಇಷ್ಟು ಡಾಲರ್ ಅಂತ ಪಟ್ಟಿಯನ್ನೇ ಹಾಕುತ್ತವೆ. ಕೈಬಿಡುವ ಮೊದಲು ಸ್ಕಾಲರ್‌ಶಿಪ್ ಪುಟವನ್ನು ಒಮ್ಮೆ ಓದಿ.

ನಮ್ಮ ನಾಲ್ಕು ಆಪ್ಷನಲ್ ಕಾಲೇಜುಗಳಲ್ಲಿ ಎರಡಕ್ಕೆ ಕಳಿಸುವುದು, ಎರಡಕ್ಕೆ ಬಿಡುವುದು ಅಂತ ಆಯಿತು. ಅಣ್ಣ ಒಂದರ ಬಗ್ಗೆ ಈಗಲೂ ಒಪ್ಪಿಲ್ಲ.

ಐದನೆಯದು: ಕಳಿಸುವ ಬಗೆ, ಎಡವುವ ಜಾಗ

ನಾನು ಎಡವಿದ್ದು ಇಲ್ಲಿ. ಸ್ಯಾಟ್‌ಗೆ ಹೆಸರು ನೋಂದಾಯಿಸಿದಾಗಿನಿಂದ ಪರೀಕ್ಷೆ ಮುಗಿದ ಒಂಬತ್ತು ದಿನದವರೆಗೆ ನಾಲ್ಕು ಕಾಲೇಜಿಗೆ ಉಚಿತವಾಗಿ ಅಂಕ ಕಳಿಸಬಹುದು. ಆಮೇಲೆ ಒಂದೊಂದಕ್ಕೂ ಸುಮಾರು 15 ಡಾಲರ್. ಪುಕ್ಕಟೆ ಅಂದಕೂಡಲೇ ನಾನು ನಾಲ್ಕೂ ಹೆಸರು ತುಂಬಿಸಿಬಿಟ್ಟೆ. ಫಲಿತಾಂಶ ಬರುವುದು ಎರಡು ವಾರದ ಹೊತ್ತಿಗೆ. ಅಂದರೆ ಅಂಕ ಎಷ್ಟು ಅಂತ ಗೊತ್ತಾಗುವ ಮೊದಲೇ ಹೋಗುವ ದಾರಿ ನಿಗದಿಯಾಗಿರುತ್ತದೆ. ಮಗನಿಗೆ ಅವತ್ತು ಜ್ವರ, ಬಂದದ್ದು ಅವನ ಅಣಕು ಪರೀಕ್ಷೆಗಿಂತ ನೂರು ಅಂಕ ಕಡಿಮೆ. ಆ ಅಂಕ ಅವನ ಅಚ್ಚುಮೆಚ್ಚಿನ ನಾಲ್ಕು ಕಾಲೇಜಿಗೂ ತಲುಪಿತು. ಅರವತ್ತು ಡಾಲರ್ ಉಳಿಸಲು ಹೋಗಿ ಮಾಡಿಕೊಂಡದ್ದು.

ಮೊದಲ ಸಲ ಬರೆಯುವಾಗ ಆ ಉಚಿತ ಸೌಲಭ್ಯವನ್ನು ಮುಟ್ಟಬೇಡಿ ಅನ್ನುತ್ತೇನೆ. ಎಲ್ಲ ಅಂಕವನ್ನೂ ಕೇಳುವ ಕಾಲೇಜು ಪಟ್ಟಿಯಲ್ಲಿ ಖಚಿತವಾಗಿ ಇದ್ದರೆ ಅದಕ್ಕೆ ಬಳಸಿಕೊಳ್ಳಿ, ಹೇಗಿದ್ದರೂ ಹೋಗಲೇಬೇಕಲ್ಲ.

ಅಷ್ಟಕ್ಕೂ ಈಗ ಹೆಚ್ಚಿನ ಕಾಲೇಜುಗಳು ಅರ್ಜಿ ಹಂತದಲ್ಲಿ ಅಧಿಕೃತ ವರದಿ ಕೇಳುವುದಿಲ್ಲ. ಕಾಮನ್ ಆ್ಯಪ್‌ನಲ್ಲಿ, ಅಂದರೆ ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಜಾಲತಾಣದಲ್ಲಿ, ನೀವೇ ಅಂಕ ತುಂಬಿದರೆ ಸಾಕು. ಸೀಟು ಸಿಕ್ಕಿ, ಸೇರುತ್ತೇನೆ ಅಂದಮೇಲೆ ಕಾಲೇಜ್ ಬೋರ್ಡ್‌ನಿಂದ ವರದಿ ಹೋಗಬೇಕು. ಯಾರು ಸ್ವಂತ ನಮೂದು ಒಪ್ಪುತ್ತಾರೆ, ಯಾರಿಗೆ ಮೊದಲೇ ವರದಿ ಬೇಕು ಅಂತ ನೋಡಿಕೊಂಡರೆ ಸಾವಿರಾರು ರೂಪಾಯಿ ಉಳಿದೀತು. ತುಂಬುವಾಗ ಪ್ರಿಂಟೌಟು ಎದುರಿಗಿಟ್ಟುಕೊಂಡು ತುಂಬಿ. ಆಮೇಲೆ ವರದಿ ಬಂದಾಗ ಒಂದು ಅಂಕ ಹೆಚ್ಚುಕಡಿಮೆಯಾದರೂ ಕಷ್ಟ.

ಕಾಮನ್ ಆ್ಯಪ್‌ನಲ್ಲಿ ಎಡವುವ ಜಾಗ ಇನ್ನೊಂದಿದೆ. ಪರೀಕ್ಷೆಯ ಭಾಗವನ್ನು ಒಮ್ಮೆ ತುಂಬಿದರೆ ಅದು ಎಲ್ಲ ಕಾಲೇಜಿಗೂ ಸಮಾನ. ಎರಡು ಕಾಲೇಜಿಗೆ ಅಂಕ ಬೇಡ ಅಂತ ಮನಸ್ಸಿನಲ್ಲೇ ತೀರ್ಮಾನಿಸಿ ಹಾಗೇ ಸಲ್ಲಿಸಿದರೆ ಅಂಕವೂ ಜೊತೆಗೇ ಹೋಗುತ್ತದೆ. ಅದಕ್ಕೆ ನಾವು ಎರಡು ಕಂತು ಮಾಡಿದೆವು. ಅಂಕ ಬೇಕಾದವರಿಗೆ ಮೊದಲು ಸಲ್ಲಿಸಿ, ಆಮೇಲೆ ಆ ಭಾಗದಿಂದ ಅಂಕ ತೆಗೆದು, ಉಳಿಸಿ, ಪೂರ್ವನೋಟ ತೆರೆದು ಕಣ್ಣಾರೆ ನೋಡಿ, ಉಳಿದವರಿಗೆ ಸಲ್ಲಿಸಿದೆವು. ಕಾಲೇಜಿನ ಸ್ವಂತ ಪ್ರಶ್ನೆಗಳಲ್ಲೂ ನಿಮ್ಮ ಅಂಕವನ್ನು ಪರಿಗಣಿಸಬೇಕೇ ಅಂತ ಕೇಳುವುದುಂಟು. ಅಲ್ಲಿ ಬೇಡ ಅಂತ ಗುರುತು ಹಾಕಿ. ಕಾಲೇಜಿನ ಪ್ರಾಂಶುಪಾಲರೋ ಮೇಷ್ಟರೋ ಶಿಫಾರಸು ಪತ್ರದಲ್ಲಿ ಅಭಿಮಾನದಿಂದ ಸ್ಯಾಟ್ ಅಂಕ ಬರೆದುಬಿಡದ ಹಾಗೆ ಮೊದಲೇ ಒಂದು ಮಾತು ಹೇಳಿ.

ಎಸಿಟಿಯವರು ತಮ್ಮದೇ ಸೂಪರ್‌ಸ್ಕೋರ್ ವರದಿ ಕೊಡುತ್ತಾರೆ, ಅದನ್ನು ಕಾಲೇಜು ಒಪ್ಪುತ್ತದೆಯೇ ನೋಡಿ. ಎಪಿ ಬರೆದವರಿಗೆ ಒಂದು ಎಚ್ಚರಿಕೆ: ಅಧಿಕೃತ ಎಪಿ ವರದಿಯಲ್ಲಿ ನೀವು ತಡೆಹಿಡಿಯದ ಹೊರತು ಬರೆದ ಎಲ್ಲ ವಿಷಯವೂ ಹೋಗುತ್ತದೆ. ಟೋಫೆಲ್, ಐಇಎಲ್‌ಟಿಎಸ್, ಡ್ಯುವೊಲಿಂಗೊ, ಇಂಥ ಇಂಗ್ಲಿಷ್ ಭಾಷಾ ಪರೀಕ್ಷೆಗಳಿಗೆ ಈ ಲೆಕ್ಕಾಚಾರ ಬೇಡ. ಅವು ಹೆಚ್ಚಾಗಿ ಬಾಗಿಲು ದಾಟುವ ಪರೀಕ್ಷೆ. ಕಾಲೇಜು ಕೇಳಿದ ಕನಿಷ್ಠ ಅಂಕ ದಾಟಿದ್ದರೆ ಸಾಕು, ಇನ್ನೂ ಎರಡು ಅಂಕಕ್ಕಾಗಿ ಮತ್ತೆ ಹಣ ಸುರಿಯಬೇಡಿ.

ಆರನೆಯದು: ಹೆಸರು

ನಗಬೇಡಿ, ಇದು ನಮ್ಮ ಕನ್ನಡದವರಿಗೆಂದೇ ಕಾದು ಕೂತಿರುವ ತೊಡಕು. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು, ಮುಂದೆ ಎರಡು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ ಬಿಡಿಸಿ ಒಂದು ಊರಿನ ಹೆಸರು, ಒಂದು ಅಪ್ಪನ ಹೆಸರು. ಅದರಲ್ಲಿ ಯಾವುದು ಸರ್‌ನೇಮ್ ಅಂತ ಮನೆಯಲ್ಲೇ ಒಮ್ಮತವಿಲ್ಲ. ನಮ್ಮ ಹುಡುಗಿ ಸ್ಯಾಟ್ ಖಾತೆ ತೆರೆಯುವಾಗ ಇನಿಷಿಯಲ್ ಅನ್ನೇ ಸರ್‌ನೇಮ್ ಜಾಗದಲ್ಲಿ ಹಾಕಿದ್ದಳು, ಕಾಮನ್ ಆ್ಯಪ್‌ನಲ್ಲಿ ಪಾಸ್‌ಪೋರ್ಟಿನ ಪ್ರಕಾರ ಅಪ್ಪನ ಹೆಸರು. ಕಾಲೇಜಿನ ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಹುಡುಗಿಯರು.

ಹತ್ತನೇ ತರಗತಿಯಲ್ಲೇ ತೀರ್ಮಾನಿಸಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ: ಸ್ಯಾಟ್, ಎಸಿಟಿ, ಟೋಫೆಲ್, ಕಾಮನ್ ಆ್ಯಪ್. ಹುಟ್ಟಿದ ದಿನಾಂಕ ಮತ್ತು ಇಮೇಲ್ ಕೂಡ ಒಂದೇ ಇರಲಿ. ಪಾಸ್‌ವರ್ಡ್ ಮರೆತು ಎರಡನೇ ಖಾತೆ ತೆರೆಯಬೇಡಿ, ಮಾರ್ಚ್ ಒಂದು ಖಾತೆಯಲ್ಲಿ, ಆಗಸ್ಟ್ ಇನ್ನೊಂದರಲ್ಲಿ ಉಳಿದರೆ ಒಟ್ಟಿಗೆ ಕಳಿಸಲು ಆಗುವುದಿಲ್ಲ. ಆಗಲೇ ತೆರೆದಿದ್ದರೆ ಕಾಲೇಜ್ ಬೋರ್ಡ್‌ನವರಿಗೆ ಹೇಳಿ ಒಂದು ಮಾಡಿಸಿಕೊಳ್ಳಿ.

ಕೊನೆಗೆ: ತಲುಪಿತೇ?

ಅರ್ಜಿ ಸಲ್ಲಿಸಿದ ಕೆಲವು ದಿನಕ್ಕೆ ಪ್ರತಿ ಕಾಲೇಜೂ ಒಂದು ಪೋರ್ಟಲ್‌ನ ಕೊಂಡಿ ಕಳಿಸುತ್ತದೆ. ಅದರೊಳಗೆ ಏನೇನು ಬಂತು, ಏನು ಬರಬೇಕು ಅನ್ನುವ ಪಟ್ಟಿ ಇರುತ್ತದೆ. ಅಧಿಕೃತ ವರದಿ ತಲುಪಲು ಒಂದರಿಂದ ಎರಡು ವಾರ ಇಟ್ಟುಕೊಳ್ಳಿ. ನವೆಂಬರ್ 1 ಕೊನೆಯ ದಿನವಾದ ಮೊದಲ ಸುತ್ತಿಗೆ ಅಕ್ಟೋಬರ್ ಮಧ್ಯದೊಳಗೆ, ಜನವರಿ 1ರದಕ್ಕೆ ಡಿಸೆಂಬರ್ ಮೊದಲ ವಾರದೊಳಗೆ ಕಳಿಸಿದರೆ ಎದೆ ಹೊಡೆದುಕೊಳ್ಳುವುದಿಲ್ಲ. ಹಣ ಕಟ್ಟಿದ ರಸೀತಿಯ ಪ್ರತಿ ಇಟ್ಟುಕೊಂಡಿರಿ.

ನಾವು ಅಂಕ ಕಳಿಸಿದ ಆರು ಕಾಲೇಜುಗಳಲ್ಲಿ ಐದರಲ್ಲಿ ಹಸಿರು ಗುರುತು ಬಂತು. ಆರನೆಯದು ಹದಿನೈದು ದಿನವಾದರೂ ಅಂಕ ಬಂದಿಲ್ಲ ಅಂತಲೇ ತೋರಿಸುತ್ತಿತ್ತು. ಎರಡೂ ಹೆಸರು, ಹುಟ್ಟಿದ ದಿನ, ರಸೀತಿಯ ಚಿತ್ರ ಇಟ್ಟು ನಾಲ್ಕು ಸಾಲಿನ ಇಮೇಲ್ ಬರೆದಳು. ಮೂರನೇ ದಿನ ಬೆಳಿಗ್ಗೆ ಆರಕ್ಕೆ ಫೋನು. "ಅತ್ತೆ, ಇಬ್ರನ್ನೂ ಒಬ್ಳೇ ಮಾಡಿದ್ದಾರೆ!"